ತೆರೆಮರೆಯ ಸೇವಕನ ಗುರುತು

1963ರ ಸುಮಾರಿಗೆ ಅಮೆರಿಕದ ಎಂಐಟಿಯ ಪ್ರಾಜೆಕ್ಟ್ ಮ್ಯಾಕ್ ತಂಡದವರು, ಅಣುಗಳನ್ನು ವಿಂಗಡಿಸುತ್ತ ಕೂರುವ ಮ್ಯಾಕ್ಸ್‌ವೆಲ್ಲನ ಕಾಲ್ಪನಿಕ ಭೂತವನ್ನು ನೆನೆದು, ಬಳಕೆದಾರರ ಕಣ್ಣಿಗೆ ಬೀಳದೆ ದುಡಿಯುವ ಪ್ರೋಗ್ರಾಮಿಗೆ ‘ಡೀಮನ್’ ಎಂದು ಹೆಸರಿಟ್ಟರು. ಮುಂದೆ ಕಾರ್ಯಾಚರಣಾ ವ್ಯವಸ್ಥೆಯಾದ ಯುನಿಕ್ಸ್‌ನಲ್ಲಿ ಪ್ರತಿ ಪ್ರೋಗ್ರಾಮೂ ಯಾವುದಾದರೊಂದು ಖಾತೆಯ ಹೆಸರಿನಲ್ಲೇ ಓಡಬೇಕಾದ್ದರಿಂದ, ಈ ಸೇವಕ ಯಾರ ಅಧಿಕಾರದಲ್ಲಿ ನಡೆಯಬೇಕೆಂಬುದು ಗಂಭೀರ ಪ್ರಶ್ನೆಯಾಯಿತು. ಫೈಲಿನ ಒಡೆಯನ ಅಧಿಕಾರವನ್ನು ಓಡುವ ಪ್ರೋಗ್ರಾಮಿಗೆ ಕೊಡುವ ‘ಸೆಟ್‌ಯುಐಡಿ’ ಎಂಬ ಡೆನ್ನಿಸ್ ರಿಚಿಯವರ ಉಪಾಯಕ್ಕೆ 1979ರಲ್ಲಿ ಪೇಟೆಂಟ್ ದೊರೆಯಿತು. ಅದು ನಿಜಕ್ಕೂ ಸೊಗಸಾದ ಉಪಾಯ.

ಬರ್ಕ್‌ಲಿ ಯುನಿಕ್ಸ್ 1024ಕ್ಕಿಂತ ಕೆಳಗಿನ ಪೋರ್ಟುಗಳನ್ನು, ಅಂದರೆ ಜಾಲಸಂಪರ್ಕದ ಸಂಖ್ಯಾಂಕಿತ ಬಾಗಿಲುಗಳನ್ನು, ಸರ್ವಾಧಿಕಾರವುಳ್ಳ ‘ರೂಟ್’ ಖಾತೆಗೆ ಮೀಸಲಿಟ್ಟಿತು. ಹೀಗಾಗಿ ಅಂಥ ಬಾಗಿಲು ಬೇಕಾದ ಡೀಮನ್ ಸೇವೆಯು ರೂಟ್ ಆಗಿ ಹುಟ್ಟಿ, ಬಾಗಿಲು ತೆರೆದು, ಬಳಿಕ ಕಿರಿಯ ಖಾತೆಗೆ ಇಳಿಯುವ ಪದ್ಧತಿ ಬೆಳೆಯಿತು. ಈ ಇಳಿಯುವಿಕೆ ತಪ್ಪಿದಲ್ಲೇ ತೊಡಕು. ನಿರ್ವಾಹಕನು ಒಮ್ಮೆ ರೂಟ್ ಆಗಿ ಸೇವೆಯನ್ನು ಕೈಯಾರೆ ಚಾಲೂ ಮಾಡಿದರೆ ಆಗ ಹೊಸದಾಗಿ ಹುಟ್ಟುವ ಅದರ ದಾಖಲೆ ಫೈಲು ರೂಟ್‌ನ ಸ್ವತ್ತಾಗುತ್ತದೆ; ಮರುದಿನ ಸ್ವಂತ ಖಾತೆಯಲ್ಲಿ ಎದ್ದ ಸೇವೆ ಅದರಲ್ಲಿ ಬರೆಯಲಾಗದೆ ನಿಲ್ಲುತ್ತದೆ. ಆಗ ‘ಪಿಎಸ್’ ಆದೇಶದಿಂದ ಓಡುತ್ತಿರುವ ಖಾತೆಯನ್ನೂ ‘ಎಲ್‌ಎಸ್’ ಆದೇಶದಿಂದ ಫೈಲಿನ ಒಡೆತನವನ್ನೂ ಹೋಲಿಸಿ ಒಡೆತನವನ್ನು ಮರಳಿಸುವುದೇ ಸರಿ. ಎಲ್ಲರಿಗೂ ಬರೆಯುವ ಅನುಮತಿ ಕೊಟ್ಟುಬಿಡುವ ಅವಸರದ ಮದ್ದು ರೋಗಕ್ಕಿಂತ ಕೆಟ್ಟದು.