ಜಾಥಾದಿಂದ ಒಡನಾಟದೆಡೆಗೆ: ಹೊಸಪೇಟೆ–ಸಂಡೂರು ಸೀಮೆಯಲ್ಲಿ ಯುವಜನರ ವ್ಯಸನ ಮತ್ತು ಹಿಂಸೆಯ ತಡೆ

ಹೊಸಪೇಟೆ, ಹಂಪಿಗಳು 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿದವು. ಸಂಡೂರು, ಕಂಪ್ಲಿಗಳು ಬಳ್ಳಾರಿಯಲ್ಲೇ ಉಳಿದವು. ತುಂಗಭದ್ರೆಯ ಆಚೆ ದಡ ಕೊಪ್ಪಳ ಜಿಲ್ಲೆಯದು. ಕೂಲಿಗೂ ಕಾಲೇಜಿಗೂ ಯುವಕರು ಈ ಗಡಿಗಳನ್ನು ದಾಟುತ್ತಲೇ ಇರುತ್ತಾರೆ. ಗಣಿ, ಗದ್ದೆ, ಪ್ರವಾಸೋದ್ಯಮ ಮೂರನ್ನೂ ನಂಬಿದ ಈ ಸೀಮೆಯ ದುಡಿಮೆಯೂ ಸ್ಥಿರವಲ್ಲ. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ತಡೆದಾಗ ಲಾರಿ ನಂಬಿ ಬದುಕಿದ್ದವರ ಕೈ ಖಾಲಿಯಾಯಿತು. ಇಂಥ ಕಡೆ ಕುಡಿತ, ಗಾಂಜಾ, ಹೊಡೆದಾಟಗಳನ್ನು ತಡೆಯಲು ವರ್ಷಕ್ಕೊಮ್ಮೆ ಜಾಥಾ ನಡೆಸಿ ಪ್ರತಿಜ್ಞೆ ಬೋಧಿಸಿದರೆ ಸಾಲದು. ಓಣಿಯ ಹಿರಿಯರು ಹುಡುಗರೊಂದಿಗೆ ವರ್ಷವಿಡೀ ಇಟ್ಟುಕೊಳ್ಳುವ ಒಡನಾಟವೇ ತಡೆಯ ತಳಹದಿ ಎಂಬುದು ಈ ಲೇಖನದ ವಾದ.

ಇದಕ್ಕೆ ಆಧಾರ ನಾಡಿನಲ್ಲೇ ಇದೆ. ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಆರಂಭಿಸಿದ ‘ಮಹಾಂತ ಜೋಳಿಗೆ’ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿತು. ಸ್ವಾಮಿಗಳು ಜೋಳಿಗೆ ಹಿಡಿದು ಮನೆಬಾಗಿಲಿಗೆ ಹೋದಾಗ ಜನ ಚಟ ಬಿಡುವ ಮಾತನ್ನು ಅದರಲ್ಲಿ ಹಾಕಿದರು. ಊರೆದುರು ಕೊಟ್ಟ ಮಾತನ್ನು ಊರೇ ಕಾಯುತ್ತದೆ. ಅವರ ಜನ್ಮದಿನವಾದ ಆಗಸ್ಟ್ 1ನ್ನು ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತಿದೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳೂ ಶಿಬಿರದೊಂದಿಗೆ ಮುಗಿಯುವುದಿಲ್ಲ. ಕುಡಿತ ಬಿಟ್ಟವರು ನವಜೀವನ ಸಮಿತಿಗಳಲ್ಲಿ ಮತ್ತೆ ಮತ್ತೆ ಸೇರುತ್ತಾರೆ.

ನಡುವಯಸ್ಸಿನ ಕುಡುಕರಿಗೆ ಒಗ್ಗಿದ್ದು ಹದಿಹರೆಯದವರಿಗೆ ಒಗ್ಗೀತೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಐಸ್‌ಲ್ಯಾಂಡ್ ಇದಕ್ಕೆ ಉತ್ತರ ಕೊಟ್ಟಿದೆ. ಅಲ್ಲಿ ಪೋಷಕರ ಒಪ್ಪಂದಗಳು ಮತ್ತು ಶಾಲೆಯ ನಂತರದ ಆಟಪಾಠಗಳನ್ನು ಊರೂರಿನಲ್ಲಿ ಬಲಪಡಿಸಿದ ವರ್ಷಗಳಲ್ಲಿ, ಹಿಂದಿನ ತಿಂಗಳು ಕುಡಿದು ಅಮಲೇರಿದ್ದ 15–16ರ ಹರೆಯದವರ ಪ್ರಮಾಣ 1998ರ ಶೇ. 42ರಿಂದ 2016ರಲ್ಲಿ ಶೇ. 5ಕ್ಕೆ ಇಳಿಯಿತು. ನಮ್ಮಲ್ಲಿ ಆ ಕೆಲಸಕ್ಕೆ ಗರಡಿಮನೆಯಿದೆ: ಕುಸ್ತಿ ಕಲಿಸುವ ವಸ್ತಾದರ ಕಣ್ಣೆದುರು ಹುಡುಗನ ಕಸುವು ನಿಯಮಕ್ಕೆ ಒಳಪಡುತ್ತದೆ. ಅಲ್ಲಿ ಹುಡುಗಿಯರಿಗೆ ಎಡೆ ಕಡಿಮೆ ಎನ್ನುವುದಾದರೆ ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಾದ ಅರಿವು ಕೇಂದ್ರಗಳು ಇಬ್ಬರಿಗೂ ತೆರೆದಿವೆ. ಪೊಲೀಸರ ಬಿಗಿ ಕ್ರಮವೇ ಸಾಕೆಂಬ ವಾದ ಮಾರುವವನಿಗೆ ಸಲ್ಲುತ್ತದೆ, ಚಟಕ್ಕೆ ಬಿದ್ದವನಿಗಲ್ಲ. 1985ರ ಮಾದಕವಸ್ತು ಕಾಯ್ದೆಯ 64ಎ ಕಲಮು ತಾನಾಗಿ ಚಿಕಿತ್ಸೆಗೆ ಬರುವ ವ್ಯಸನಿಗೆ ಷರತ್ತುಬದ್ಧ ರಕ್ಷಣೆ ಕೊಡುತ್ತದೆ. ಆದರೆ ಮನೆಯವರು ಮರ್ಯಾದೆಗೆ ಅಂಜಿ ಮಗನನ್ನು ಬಚ್ಚಿಟ್ಟರೆ ಕಾನೂನಿನ ಈ ಕರುಣೆ ಅವನನ್ನು ಮುಟ್ಟುವುದಿಲ್ಲ. ಆ ಅಂಜಿಕೆ ಬಿಡಿಸಬಲ್ಲವರು ನೆರೆಯವರೇ.

ಹಣವಿಲ್ಲವೆಂಬ ನೆಪವೂ ನಿಲ್ಲದು. ಗಣಿಬಾಧಿತ ಪ್ರದೇಶಗಳಿಗಾಗಿ ಇರುವ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿಗೆ ಆರೋಗ್ಯ, ಶಿಕ್ಷಣ, ಕೌಶಲ ತರಬೇತಿ ಆದ್ಯತೆಯ ಬಾಬತ್ತುಗಳು. ಅದರಲ್ಲೊಂದು ಪಾಲು ಸಂಡೂರಿನ ಗರಡಿಮನೆ, ಅರಿವು ಕೇಂದ್ರ, ಆಪ್ತಸಮಾಲೋಚಕರಿಗೆ ಸಲ್ಲಬೇಕು. ಮೂರೂ ಜಿಲ್ಲಾಡಳಿತಗಳು ಗಡಿ ಮರೆತು ಒಟ್ಟಿಗೆ ಕೂರಬೇಕು. ಅದಿರಿನಿಂದ ಬಂದ ಹಣದ ಮೇಲೆ ಆ ನೆಲದ ಮಕ್ಕಳಿಗೇ ಮೊದಲ ಹಕ್ಕು.