ಕೆಸರಿನ ಶಾಸನ: ಫಾರ್ಂಬಿಯ ಓಟದ ಹಾದಿಗಳು

ಓಡುವವನ ಹೆಜ್ಜೆಗೂ ನಡೆಯುವವನ ಹೆಜ್ಜೆಗೂ ಭೇದವುಂಟು. ನಡೆಯುವವನು ಮೊದಲು ಹಿಮ್ಮಡಿಯನ್ನೂರಿ, ಮೈಭಾರವನ್ನು ಪಾದದುದ್ದಕ್ಕೂ ಸಾಗಿಸಿ, ಕಡೆಗೆ ಬೆರಳುಗಳಿಂದ ನೆಲವನ್ನು ಬಿಡುತ್ತಾನೆ. ವೇಗವಾಗಿ ಓಡುವವನ ಹಿಮ್ಮಡಿ ನೆಲಕ್ಕೆ ತಾಗಿಯೂ ತಾಗದಂತಿರುತ್ತದೆ. ಬೆರಳುಗಳು ಆಳವಾಗಿ ನಾಟುತ್ತವೆ. ಹೆಜ್ಜೆಯಿಂದ ಹೆಜ್ಜೆಗೆ ಅಂತರ ಬೆಳೆಯುತ್ತದೆ. ಒದ್ದೆ ಮಣ್ಣಿನ ಮೇಲೆ ಇದನ್ನು ಮಕ್ಕಳೂ ಗುರುತಿಸಬಲ್ಲರು. ಆದರೆ ಆ ಹೆಜ್ಜೆಯನ್ನು ಇಟ್ಟವನು ಲೋಕದಲ್ಲಿ ಎಲ್ಲಿಯೂ ಅಕ್ಷರವೇ ಹುಟ್ಟದಿದ್ದ ಕಾಲದವನಾಗಿದ್ದರೆ? ಅಂಥವನ ಓಟವನ್ನು ಓದುವ ಅವಕಾಶವನ್ನು ಕೊಡುವ ಕಡಲ ಕರೆಯೊಂದು ಇಂಗ್ಲೆಂಡಿನಲ್ಲಿದೆ. ಅದರ ಹೆಸರು ಫಾರ್ಂಬಿ.

ಲಿವರ್‌ಪೂಲ್ ನಗರದಿಂದ ಉತ್ತರಕ್ಕೆ ಹನ್ನೆರಡು ಮೈಲಿಯಷ್ಟು ದೂರದಲ್ಲಿ, ಐರಿಷ್ ಸಮುದ್ರಕ್ಕೆ ಎದುರಾಗಿ ಈ ಊರಿದೆ. ಊರಿನ ಪಶ್ಚಿಮಕ್ಕೆ ಪೈನ್ ಮರಗಳ ಕಾಡು. ಕಾಡಿನಾಚೆ ಮ್ಯಾರಮ್ ಎಂಬ ಒರಟು ಹುಲ್ಲು ಹಿಡಿದು ನಿಲ್ಲಿಸಿರುವ ಮರಳಿನ ದಿಬ್ಬಗಳು. ದಿಬ್ಬಗಳಾಚೆ ವಿಶಾಲವಾದ ಸಮುದ್ರತೀರ. ಇಂಗ್ಲೆಂಡಿನಲ್ಲೇ ಅತ್ಯಂತ ದೊಡ್ಡದಾದ ಮರಳುದಿಬ್ಬಗಳ ಶ್ರೇಣಿ ಈ ಸೆಫ್ಟನ್ ಕರಾವಳಿಯದು. ಉತ್ತರದ ಐನ್ಸ್‌ಡೇಲ್ ಭಾಗವನ್ನು 1965ರಲ್ಲಿ ರಾಷ್ಟ್ರೀಯ ನಿಸರ್ಗಧಾಮವೆಂದು ಘೋಷಿಸಲಾಯಿತು. ಫಾರ್ಂಬಿಯ ಭಾಗವನ್ನು 1967ರಲ್ಲಿ ನ್ಯಾಷನಲ್ ಟ್ರಸ್ಟ್ ಸಂಸ್ಥೆ ಕೊಂಡುಕೊಂಡಿತು. ಕೆಂಪು ಅಳಿಲು, ಮರಳುಹಲ್ಲಿ, ನ್ಯಾಟರ್‌ಜಾಕ್ ಎಂಬ ಅಪರೂಪದ ಕಪ್ಪೆ ಇಲ್ಲಿನ ನಿವಾಸಿಗಳು. 2008ರಲ್ಲಿ ಸಿಡುಬಿನಂಥ ರೋಗ ತಗುಲಿ ಅಳಿಲುಗಳಲ್ಲಿ ಬಹುಪಾಲು ಸತ್ತವು. ಉಳಿದವುಗಳಿಂದ ಸಂತತಿ ಮತ್ತೆ ಚೇತರಿಸಿಕೊಂಡಿತು.

ಈ ಕಾಡು ಮತ್ತು ದಿಬ್ಬಗಳ ನಡುವೆ ಹಲವು ಕಾಲುಹಾದಿಗಳಿವೆ. ಕ್ರಾಸ್ಬಿಯ ಕಡೆಯಿಂದ ಸೌತ್‌ಪೋರ್ಟಿನಾಚೆಗೆ ಸಾಗುವ ಕರಾವಳಿಯ ಹಾದಿಯೇ ಸುಮಾರು 21 ಮೈಲಿ. ನಡೆಯುವವರೂ ಓಡುವವರೂ ಪೈನ್ ಎಲೆಗಳು ಹಾಸಿದ ಮೆತ್ತನೆಯ ದಾರಿಯಲ್ಲಿ ಸಾಗಿ, ಕಾಲು ಹೂತುಹೋಗುವ ದಿಬ್ಬವನ್ನೇರಿ, ಇಳಿತದ ಸಮಯದಲ್ಲಿ ಗಟ್ಟಿಯಾಗಿರುವ ತೀರಕ್ಕೆ ಇಳಿಯುತ್ತಾರೆ. ಕಾಡಿನ ನೆರಳನ್ನು ಕಂಡವರಿಗೆ ಇದು ಬಹು ಪುರಾತನವಾದ ಅರಣ್ಯವೆಂದು ತೋರಬಹುದು. ವಾಸ್ತವವಾಗಿ ಈ ಪೈನ್ ಮರಗಳನ್ನು ಮರಳು ಹಾರದಂತೆ ತಡೆಯಲೆಂದು 19ನೆಯ ಶತಮಾನದ ಕೊನೆಯಿಂದೀಚೆಗೆ ಜಮೀನುದಾರರು ನೆಡಿಸಿದರು. ಇಲ್ಲಿ ಪುರಾತನವಾದುದು ಮರವಲ್ಲ, ಕೆಸರು.

1989ರಲ್ಲಿ ಗಾರ್ಡನ್ ರಾಬರ್ಟ್ಸ್ ಎಂಬ ನಿವೃತ್ತ ಉಪಾಧ್ಯಾಯರು ತಮ್ಮ ನಾಯಿಯೊಡನೆ ಈ ತೀರದಲ್ಲಿ ತಿರುಗಾಡುತ್ತಿದ್ದಾಗ, ಅಲೆಗಳು ಮರಳನ್ನು ಸರಿಸಿ ಬಯಲು ಮಾಡಿದ್ದ ಗಟ್ಟಿ ಕೆಸರಿನ ಪದರದಲ್ಲಿ ಮನುಷ್ಯರ ಬರಿಗಾಲಿನ ಗುರುತುಗಳನ್ನು ಕಂಡರು. ಆ ಪದರವು ನಿನ್ನೆ ಮೊನ್ನೆಯದಲ್ಲವೆಂದು ಅವರಿಗೆ ತೋರಿತು. ಅಂದಿನಿಂದ ಅವರು ವರ್ಷವರ್ಷವೂ ಅಲ್ಲಿಗೆ ಹೋಗಿ, ಒಂದೊಂದು ಹೆಜ್ಜೆಯ ಸಾಲನ್ನೂ ಅಳೆದರು, ಛಾಯಾಚಿತ್ರ ತೆಗೆದರು, ಕೆಲವಕ್ಕೆ ಗಾರೆಯ ಅಚ್ಚು ಹೊಯ್ದರು. ಅವರು ದಾಖಲಿಸಿದ ಮಾನವ ಹೆಜ್ಜೆಸಾಲುಗಳು ನೂರಕ್ಕೂ ಮೀರಿದವು. ವೃತ್ತಿಯಿಂದ ಪ್ರಾಕ್ತನಶಾಸ್ತ್ರಜ್ಞರಲ್ಲದ ಈ ಮೇಷ್ಟರ ಕೆಲಸವನ್ನು ವಿದ್ವಾಂಸರು ಗೌರವದಿಂದ ಸ್ವೀಕರಿಸಿದರು. ಕೆಲವರು ಅವರೊಡನೆ ಸೇರಿ ಸಂಶೋಧನೆ ನಡೆಸಿದರು.

ಕೆಸರಿನಲ್ಲಿ ಮೂಡಿದ ಗುರುತು ಸಾವಿರಾರು ವರ್ಷ ಉಳಿಯುವುದೆಂತು? ಆ ಕಾಲದಲ್ಲಿ ಇಲ್ಲಿ ಉಬ್ಬರವಿಳಿತಗಳಿಗೆ ಸಿಕ್ಕುವ ಕೆಸರುಬಯಲಿದ್ದಿತು. ಬೇಸಗೆಯ ದಿನ ಯಾರೋ ನಡೆದುಹೋದರು. ಬಿಸಿಲಿಗೆ ಕೆಸರು ಒಣಗಿ ಹೆಜ್ಜೆ ಗಟ್ಟಿಯಾಯಿತು. ಮುಂದಿನ ಉಬ್ಬರವು ಸೌಮ್ಯವಾಗಿ ಬಂದು, ಅದನ್ನು ಕೆಡಿಸದೆ, ನವುರಾದ ಮರಳನ್ನೋ ಮೆಕ್ಕಲನ್ನೋ ತುಂಬಿ ಮುಚ್ಚಿತು. ಹೀಗೆ ಪುಟದ ಮೇಲೆ ಪುಟದಂತೆ ಪದರಗಳು ಬಿದ್ದವು. ಕಾಲಾಂತರದಲ್ಲಿ ಅವೆಲ್ಲದರ ಮೇಲೆ ಮರಳುದಿಬ್ಬಗಳು ಬಂದು ಕುಳಿತವು. ಮುಚ್ಚಿದ್ದರಿಂದಲೇ ಉಳಿದವು.

ಈ ಪುಟಗಳನ್ನು ಓದುವ ರೀತಿ ಪಂಡಿತರಿಗೆ ಅಪರಿಚಿತವಲ್ಲ. ನಮ್ಮ ಭಾಷೆಯಲ್ಲಿ ಪದವೆಂದರೆ ಕಾಲೂ ಹೌದು, ಮಾತೂ ಹೌದು; ಪಾದವೆಂದರೆ ಅಡಿಯೂ ಹೌದು, ಪದ್ಯದ ಸಾಲೂ ಹೌದು. ಮಾತ್ರೆಗಳನ್ನೆಣಿಸಿ ಛಂದಸ್ಸಿನ ನಡೆಯನ್ನು ತಿಳಿಯುವಂತೆ, ಹೆಜ್ಜೆಗಳ ಉದ್ದವನ್ನೂ ಅಂತರವನ್ನೂ ಅಳೆದು ನಡೆದವರ ಎತ್ತರವನ್ನೂ ವೇಗವನ್ನೂ ಲೆಕ್ಕ ಹಾಕಬಹುದು. ರಾಬರ್ಟ್ಸ್ ಮತ್ತು ಅವರ ಸಹೋದ್ಯೋಗಿಗಳ ಎಣಿಕೆಯಂತೆ ಆ ಗಂಡಸರ ಸರಾಸರಿ ಎತ್ತರ ಐದು ಅಡಿ ಐದು ಅಂಗುಲ, ಹೆಂಗಸರದು ನಾಲ್ಕು ಅಡಿ ಒಂಬತ್ತು ಅಂಗುಲ. ಹೆಂಗಸರ ಮತ್ತು ಮಕ್ಕಳ ಹೆಜ್ಜೆಗಳು ಬಹುಮಟ್ಟಿಗೆ ನಿಧಾನವಾದವು. ಅವರು ಚಿಪ್ಪುಮೀನನ್ನು ಆರಿಸುತ್ತಿದ್ದಿರಬೇಕು. ಕೆಲವೆಡೆ ಸುತ್ತಿ ಸುಳಿದ ಚಿಕ್ಕ ಪಾದಗಳಿವೆ. ಕೆಸರಿನಲ್ಲಿ ಆಡುವ ಮಕ್ಕಳ ಸಂತೋಷ ಎಲ್ಲ ಕಾಲಕ್ಕೂ ಒಂದೇ. ಗಂಡಸರ ಹೆಜ್ಜೆಗಳು ಹಲವೆಡೆ ಜಿಂಕೆಗಳ ಗೊರಸಿನ ಗುರುತುಗಳ ಸಮೀಪದಲ್ಲಿವೆ. ಇವರು ಬೇಟೆಯ ಜಾಡು ಹಿಡಿದವರೆಂಬುದು ರಾಬರ್ಟ್ಸರ ಊಹೆ. ಒಂದೇ ಪದರದ ಮೇಲಿದ್ದ ಮಾತ್ರಕ್ಕೆ ಬೇಟೆಗಾರನೂ ಜಿಂಕೆಯೂ ಒಂದೇ ಗಳಿಗೆಯಲ್ಲಿ ಓಡಿದರೆನ್ನುವಂತಿಲ್ಲ. ಆದರೂ ಒಂದೇ ಬಯಲನ್ನು ಇಬ್ಬರೂ ಹಂಚಿಕೊಂಡಿದ್ದರೆಂಬುದು ನಿಸ್ಸಂದೇಹ.

2022ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದ ಆಲಿಸನ್ ಬರ್ನ್ಸ್ ಮತ್ತು ಅವರ ಸಂಗಡಿಗರು ಪ್ರಕಟಿಸಿದ ಸಂಶೋಧನೆಯಿಂದ ಈ ಇತಿಹಾಸ ಮತ್ತಷ್ಟು ಹಿಂದಕ್ಕೆ ಸರಿಯಿತು. ಪದರಗಳಲ್ಲಿ ಸಿಕ್ಕಿಕೊಂಡಿದ್ದ ಆಲ್ಡರ್, ಬರ್ಚ್ ಮೊದಲಾದ ಮರಗಳ ಬೀಜಗಳ ಕಾಲವನ್ನು ಇಂಗಾಲದ ಪರೀಕ್ಷೆಯಿಂದ ನಿರ್ಣಯಿಸಿದಾಗ, ಅತ್ಯಂತ ಹಳೆಯ ಪದರ ಸುಮಾರು 9,000 ವರ್ಷಗಳದೆಂದೂ ಈಚಿನದು ಸುಮಾರು 1,000 ವರ್ಷಗಳದೆಂದೂ ಗೊತ್ತಾಯಿತು. ಹಳೆಯ ಪದರಗಳಲ್ಲಿ ಮನುಷ್ಯನ ಜೊತೆಗೆ ಕೆಂಪು ಜಿಂಕೆ, ಕಾಡುಹಂದಿ, ತೋಳ, ಲಿಂಕ್ಸ್ ಎಂಬ ಕಾಡುಬೆಕ್ಕು, ಕ್ರೌಂಚಪಕ್ಷಿ ಮತ್ತು ಆರಾಕ್ಸ್ ಎಂಬ ಮಹಾವೃಷಭಗಳ ಗುರುತುಗಳಿವೆ. ಆ ವೃಷಭಜಾತಿಯ ಕೊನೆಯ ಜೀವಿ 1627ರಲ್ಲಿ ಪೋಲೆಂಡಿನಲ್ಲಿ ಸತ್ತಿತು. ಈಚಿನ ಪದರಗಳಿಗೆ ಬಂದಂತೆ ದೊಡ್ಡ ಪ್ರಾಣಿಗಳ ಹೆಜ್ಜೆ ವಿರಳವಾಗುತ್ತದೆ; ಮನುಷ್ಯನ ಹೆಜ್ಜೆಯೇ ಎದ್ದು ಕಾಣುತ್ತದೆ. ಹಿಮಯುಗ ಮುಗಿದ ಮೇಲೆ ಸಮುದ್ರವೇರಿ ಬಯಲುಗಳನ್ನು ನುಂಗಿದ್ದು, ಬೇಟೆ, ಅನಂತರ ಬಂದ ಬೇಸಾಯ, ಇವು ಅದಕ್ಕೆ ಕಾರಣಗಳಿರಬೇಕೆಂದು ವಿದ್ವಾಂಸರ ಅಭಿಪ್ರಾಯ. ಒಂದು ನಾಡಿನಲ್ಲಿ ವನ್ಯಜೀವಿಗಳು ಕ್ಷೀಣಿಸಿದ ಕಥೆಯನ್ನು ಆ ಜೀವಿಗಳೇ ತಮ್ಮ ಕಾಲಿನಿಂದ ಬರೆದಿಟ್ಟಂತಿದೆ.

ಆದರೆ ಈ ಗ್ರಂಥಕ್ಕೊಂದು ದೊಡ್ಡ ವಿಪತ್ತಿದೆ. 20ನೆಯ ಶತಮಾನದ ಆರಂಭದಿಂದ ಫಾರ್ಂಬಿಯ ತೀರವನ್ನು ಸಮುದ್ರ ಕೊರೆಯುತ್ತಿದೆ. ಸರಾಸರಿ ವರ್ಷಕ್ಕೆ ಹದಿಮೂರು ಅಡಿಯಷ್ಟು ದಿಬ್ಬ ಹಿಂದೆ ಸರಿಯುತ್ತದೆ. ಕೊರೆತವಿಲ್ಲದಿದ್ದರೆ ಪದರಗಳು ನಮ್ಮ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಕಣ್ಣಿಗೆ ಬಿದ್ದ ಪದರವನ್ನು ಅದೇ ಕಡಲು ಕೆಲವು ಗಂಟೆಗಳಲ್ಲೋ ಕೆಲವು ದಿನಗಳಲ್ಲೋ ಅಳಿಸಿಬಿಡುತ್ತದೆ. ಶಿಲಾಶಾಸನವನ್ನು ಬರೆಸಿದವರು ಅದು ಸೂರ್ಯಚಂದ್ರರಿರುವವರೆಗೆ ನಿಲ್ಲಲೆಂದು ಹಾರೈಸುತ್ತಿದ್ದರು. ಈ ಕೆಸರಿನ ಶಾಸನಕ್ಕೆ ಬಯಲಾದ ಮೇಲೆ ಒಂದೆರಡು ಉಬ್ಬರಗಳಷ್ಟೇ ಆಯುಸ್ಸು. ಇದನ್ನು ಕಿತ್ತು ವಸ್ತುಸಂಗ್ರಹಾಲಯಕ್ಕೆ ಸಾಗಿಸುವುದು ಸುಲಭವಲ್ಲ. ಗೋಡೆ ಕಟ್ಟಿ ಕಡಲನ್ನು ತಡೆದರೆ ಹೊಸ ಪುಟ ತೆರೆಯುವುದಿಲ್ಲ. ತೆರೆದ ದಿನ ಹೋಗಿ ಪ್ರತಿಯೆತ್ತಿಕೊಳ್ಳುವುದೊಂದೇ ದಾರಿ. ರಾಬರ್ಟ್ಸರು ಮಾಡಿದ್ದು ಇದನ್ನೇ. ಅವರು ಅಳೆದಿಟ್ಟ ಸಾಲುಗಳಲ್ಲಿ ಎಷ್ಟೋ ಇಂದು ಅವರ ಪ್ರತಿಯಲ್ಲಿ ಮಾತ್ರ ಇವೆ.

ಇದೇ ಕರೆಯ ಮೇಲೆ ಈಚಿನ ಕಾಲದಲ್ಲೂ ಪ್ರಸಿದ್ಧವಾದ ಓಟಗಳು ನಡೆದಿವೆ. 1926ರ ಮಾರ್ಚ್ 16ರಂದು ಹೆನ್ರಿ ಸೆಗ್ರೇವ್ ಎಂಬವರು ಐನ್ಸ್‌ಡೇಲಿನ ಮರಳಿನ ಮೇಲೆ ಮೋಟಾರು ಓಡಿಸಿ, ಗಂಟೆಗೆ 152 ಮೈಲಿಗೂ ಮೀರಿದ ವೇಗದಿಂದ ಲೋಕದಾಖಲೆಯನ್ನು ಸ್ಥಾಪಿಸಿದರು. ಗೊರಸಿನ ಎಲುಬಿನ ರೋಗವಿದ್ದ ರೆಡ್ ರಮ್ ಎಂಬ ಕುದುರೆಯನ್ನು ಅದರ ಶಿಕ್ಷಕರಾದ ಜಿಂಜರ್ ಮೆಕೇನ್ ಈ ಮರಳಿನಲ್ಲೂ ಉಪ್ಪುನೀರಿನಲ್ಲೂ ಓಡಿಸಿ ಪಳಗಿಸಿದರು. ಅದು 1973, 1974 ಮತ್ತು 1977ರಲ್ಲಿ ಗ್ರ್ಯಾಂಡ್ ನ್ಯಾಷನಲ್ ಪಂದ್ಯವನ್ನು ಗೆದ್ದಿತು. ಆ ಚಕ್ರದ ಗುರುತೂ ಆ ಗೊರಸಿನ ಗುರುತೂ ಮರಳಿನಲ್ಲಿ ಉಳಿಯಲಿಲ್ಲ. ನೋಡಿದವರಿದ್ದರು, ಬರೆದವರಿದ್ದರು, ಆದ್ದರಿಂದ ಅವು ಇತಿಹಾಸವಾದವು.

ಇಂದು ಪೈನ್ ಕಾಡಿನ ಹಾದಿಯಿಂದ ತೀರಕ್ಕಿಳಿದು ಓಡುವವರು ಹಿಂದಿನ ಓಟಗಾರರ ಸಮೀಪದಲ್ಲೇ ಓಡುತ್ತಾರೆ. ಇವರ ಹೆಜ್ಜೆ ಸಂಜೆಯ ಉಬ್ಬರಕ್ಕೆ ಮಾಯವಾಗುತ್ತದೆ. ಅವರದು ಹಲವು ಸಾವಿರ ವರ್ಷ ಅಡಗಿದ್ದು ಈಗ ಮಾಯವಾಗುತ್ತಿದೆ. ದೊರೆಗಳ ಹೆಸರನ್ನು ಕಲ್ಲು ಕಾಯುತ್ತದೆ. ಹೆಸರಿಲ್ಲದವರ ಓಟವನ್ನು ಕಾಯಲು ಕಲ್ಲಿಲ್ಲ. ಇಳಿತದ ವೇಳೆಗೆ ಸರಿಯಾಗಿ ಅಳತೆಯ ಪಟ್ಟಿಯನ್ನು ಹಿಡಿದು ಅಲ್ಲಿಗೆ ಹೋಗಿ ನಿಲ್ಲುವ ಮನುಷ್ಯನೊಬ್ಬ ಬೇಕು.