ಅರಗಿನ ಹಿಡಿತ

ಅರಗು ಎಂದೊಡನೆ ನಮಗೆ ನೆನಪಾಗುವುದು ಪಾಂಡವರ ಅರಗಿನ ಮನೆ. ಅದಕ್ಕೆ ಇನ್ನೊಂದು ಚರಿತ್ರೆಯೂ ಇದೆ. ಸಣ್ಣ ಒಡವೆಯನ್ನು ಇಕ್ಕಳದಲ್ಲಿ ಬಿಗಿದರೆ ನಗ್ಗುತ್ತದೆ, ಸಡಿಲ ಬಿಟ್ಟರೆ ಜಾರುತ್ತದೆ. ನಮ್ಮ ಅಕ್ಕಸಾಲಿಗರು ಅರಗನ್ನು ಕಾಯಿಸಿ, ಒಡವೆಯನ್ನು ಅದರಲ್ಲಿ ಕೂರಿಸಿ, ಆರಿ ಗಟ್ಟಿಯಾದ ಮೇಲೆ ಕೆತ್ತುತ್ತಿದ್ದರು. ಮತ್ತೆ ಕಾಯಿಸಿ ಬಿಡಿಸುತ್ತಿದ್ದರು. ಮರದ ಮೇಲಿನ ಪುಟ್ಟ ಕೀಟ ಕೊಡುವ ಇದೇ ಅರಗು, ಶುದ್ಧವಾಗಿ ಷೆಲ್ಲಾಕ್ ಎಂಬ ಹೆಸರಿನಲ್ಲಿ ಯೂರೋಪಿನ ಗಡಿಯಾರ ಮಾಡುವವರ ಮೇಜನ್ನೂ ಸೇರಿತು. ಅವರು ಸಣ್ಣ ಭಾಗಗಳನ್ನು ಹಿತ್ತಾಳೆಯ ಬಿಲ್ಲೆಗೆ ಅಂಟಿಸಿ ಕಡೆದು, ಉಳಿದ ಅಂಟನ್ನು ಆಲ್ಕೋಹಾಲಿನಲ್ಲಿ ಕರಗಿಸುತ್ತಿದ್ದರು.

1952ರಲ್ಲಿ ಅಮೆರಿಕದ ಎಂ.ಐ.ಟಿ.ಯವರು ರಂಧ್ರಪಟ್ಟಿಯ ಅಂಕಿಗಳಂತೆ ನಡೆಯುವ ಮಿಲ್ಲಿಂಗ್ ಯಂತ್ರವನ್ನು ಪ್ರದರ್ಶಿಸಿದರು. ಇಂದಿನ ಸಿ.ಎನ್.ಸಿ. ರೌಟರಿಗೆ ಅದೇ ಹಿರಿಯಣ್ಣ. ಈಗ ಅರಗಿನ ಜಾಗಕ್ಕೆ ಎರಡು ಬದಿಯ ಅಂಟುಪಟ್ಟಿ, ಗಾಳಿ ಹೀರಿ ಹಿಡಿಯುವ ಮೇಜು ಬಂದಿವೆ. ಆದರೆ ತುಂಡು ಜಾರಿದ್ದು ಸಾಮಾನ್ಯ ಯಂತ್ರಕ್ಕೆ ತಿಳಿಯದು. ಅಂಕಿ ಹೇಳಿದಲ್ಲೇ ಅದು ಕೊರೆಯುತ್ತದೆ. ನಮ್ಮ ವೈದ್ಯಕೀಯದಲ್ಲೂ ಬಯಾಪ್ಸಿಯ ಚೂರನ್ನು ಮೇಣದಲ್ಲಿ ಕೂರಿಸಿಯೇ ತೆಳುವಾಗಿ ಕೊಯ್ಯುತ್ತಾರೆ. ಆ ಹಿಡಿತ ಕೆಟ್ಟರೆ ರೋಗ ಗುರುತಿಸುವುದೇ ಕಷ್ಟ.

ನಿಮ್ಮ ಮಕ್ಕಳು ಇಂಥ ಯಂತ್ರದಲ್ಲಿ ಕನ್ನಡದಲ್ಲಿ ಹೆಸರು ಕೆತ್ತಲು ಹೊರಟರೆ ಸಂತೋಷಪಡಿ, ಅಕ್ಕಸಾಲಿಗರ ಅರಗಿನ ಕಥೆ ಹೇಳಿ. ತುಂಡನ್ನು ಬೆರಳಿನಿಂದ ಒತ್ತಿ ಹಿಡಿಯಲು ಮಾತ್ರ ಖಂಡಿತ ಬಿಡಬೇಡಿ.